ಮಡಿ ಬೂಟು

ನಮ್ಮದು ಸಂಗೀತಗಾರರ ಮನೆಯಾಗಿತ್ತು ಎಂದರೆ ಜನ ಬೇರೇನನ್ನೋ ಊಹಿಸಿಕೊಳ್ಳುತ್ತಾರೆ. ಅವರನ್ನು ಮೊದಲೇ ತಿದ್ದಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಸಂಗೀತ ಕೇಳಿಸುತ್ತಿರಲಿಲ್ಲ, ಸದ್ದು ಕೇಳಿಸುತ್ತಿತ್ತು. ಸಿಡ್ನಿಯ ಪಶ್ಚಿಮಕ್ಕೆ, ಟೂಂಗಾಬಿಯ ರೈಲು ಹಳಿಗೆ ಹತ್ತಿರವೇ ಇದ್ದ ಆ ಇಟ್ಟಿಗೆಯ ಮನೆಯಲ್ಲಿ ಕಾರಿಗೆ ಗ್ಯಾರೇಜ್ ಸಿಕ್ಕಲೇ ಇಲ್ಲ. ಕಾರು ಹೊರಗೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತ ನಿಂತಿರುತ್ತಿತ್ತು. ಒಳಗೆ ನೆರಳಿನಲ್ಲಿ ನನ್ನ ತಂದೆಯ ಆರ್ಗನ್ ಕೂತಿರುತ್ತಿತ್ತು. ಮುಚ್ಚಿಹೋದ ಯಾವುದೋ ಚರ್ಚಿನಿಂದ ಪಪಾ ಅದನ್ನು ಲಾರಿಯಲ್ಲಿ ಹೇರಿಸಿಕೊಂಡು ತಂದಿದ್ದರು. ಕರೆಂಟಿನಿಂದ ನಡೆಯುವ ಆರ್ಗನ್. ಕೈಗೆ ಒಂದರ ಮೇಲೊಂದು ಎರಡು ಸಾಲು ಕೀಗಳು, ಕೆಳಗೆ ಕಾಲಿಗೆ ಮರದ ಉದ್ದನೆಯ ಪಟ್ಟಿಗಳು. ಆ ಪಟ್ಟಿಗಳಿಗೆ ಪೆಡಲ್ ಎನ್ನುತ್ತಾರೆ. ಒಂದೊಂದು ಪಟ್ಟಿಯೂ ಒಂದೊಂದು ಸ್ವರ. ಕಾಲಿನಿಂದ ಒತ್ತಿದರೆ ಆ ಸ್ವರ ನುಡಿಯುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ ಜಗಳವಾಡಿ ಹೋದ ಮೇಲೆ ಪಪಾ ಹೆಡ್‌ಫೋನ್ ಹಾಕಿಕೊಂಡು ನುಡಿಸತೊಡಗಿದರು. ಅಲ್ಲಿಂದ ಮುಂದೆ ಸಂಗೀತವೆಲ್ಲ ಅವರ ಕಿವಿಯೊಳಗೆ. ನಮ್ಮ ಪಾಲಿಗೆ ಉಳಿದದ್ದು ಗೋಡೆಯಾಚೆಯಿಂದ ಬರುವ ಮರದ ಸದ್ದು ಮಾತ್ರ. ಧಡ್, ಧಡ್‌ಧಡ್, ಧಡ್.

ಆ ಸದ್ದಿನ ಪಕ್ಕದಲ್ಲೇ ನಾನು ಅಕ್ಷರ ಕಲಿತೆ, ಅದರ ಪಕ್ಕದಲ್ಲೇ ಊಟ ಮಾಡಿದೆ, ಜ್ವರ ಬಂದಾಗ ಅದನ್ನು ಕೇಳುತ್ತ ಮಲಗಿದೆ. ಯಾವ ರಚನೆ ನುಡಿಸುತ್ತಿದ್ದಾರೆ ಎಂದು ಅದರ ಸ್ವರ ಕೇಳದೆಯೇ ಹೇಳಬಲ್ಲವಳಾದೆ. ಒಂದಕ್ಕೆ ನಾನು 'ಗೂಡ್ಸ್ ರೈಲು' ಎಂದು ಹೆಸರಿಟ್ಟಿದ್ದೆ, ಇನ್ನೊಂದಕ್ಕೆ 'ಮುದುಕಿ ಮೆಟ್ಟಿಲು ಇಳಿಯೋದು'. ಅವುಗಳ ನಿಜವಾದ ಹೆಸರುಗಳು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಆಗ ನನಗೆ ಸ್ವಲ್ಪ ನಿರಾಸೆಯೂ ಆಯಿತು. ಗ್ಯಾರೇಜಿನ ಗೋಡೆಯ ಈಚೆಗೆ ಅಡುಗೆಮನೆ. ಅಲ್ಲಿ ನನ್ನ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅದೂ ಸದ್ದೇ. ಗೋಡೆಯ ಆ ಕಡೆ ಕಾಲು, ಈ ಕಡೆ ಕೈ. ಎರಡೂ ಸದ್ದುಗಳು ಕೆಲವೊಮ್ಮೆ ಒಂದೇ ಲಯಕ್ಕೆ ಬಂದು ಕೂಡುತ್ತಿದ್ದವು, ಸ್ವಲ್ಪ ದೂರ ಜೊತೆಗೆ ನಡೆದು ಮತ್ತೆ ಬೇರೆಯಾಗುತ್ತಿದ್ದವು. ಅವರಿಬ್ಬರಿಗೂ ಅದು ಗೊತ್ತಾಗುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ.

ಪಪಾ ಫ್ರಾನ್ಸಿನ ನಡುಭಾಗದ ಒಂದು ಸಣ್ಣ ಊರಿನವರು. ಅವರ ತಂದೆ ಬ್ರೆಡ್ ಸುಡುವವರು. ಚಳಿಗಾಲದಲ್ಲಿ ಇಡೀ ಊರಲ್ಲಿ ಬೆಚ್ಚಗಿರುತ್ತಿದ್ದದ್ದು ತಮ್ಮ ಮನೆಯೊಂದೇ, ಆದರೂ ತಾನು ಹೋಗಿ ಕೂರುತ್ತಿದ್ದದ್ದು ಮಂಜುಗಡ್ಡೆಯಂಥ ಚರ್ಚಿನಲ್ಲಿ, ಎಂದು ಪಪಾ ನಗುತ್ತಿದ್ದರು. ಅಲ್ಲಿ ಆರ್ಗನ್ ಇತ್ತು. ಕಾಲು ಪೆಡಲ್‌ಗೆ ಎಟಕುತ್ತಿರಲಿಲ್ಲವಂತೆ. ಕಲಿಸುವ ಮುದುಕರು ಅವರ ಬೂಟಿನ ಅಡಿಗೆ ಮರದ ತುಂಡು ಕಟ್ಟಿ ಕೂರಿಸಿದರಂತೆ. ಮುಂದೆ ಪ್ಯಾರಿಸ್ಸಿನಲ್ಲಿ ಓದಿದರು, ಬಹುಮಾನ ಪಡೆದರು, ತಾವೇ ರಚನೆಗಳನ್ನು ಬರೆಯತೊಡಗಿದರು. ದೊಡ್ಡ ಚರ್ಚೊಂದರ ಆರ್ಗನ್ ಇವರಿಗೇ ಎಂದು ಎಲ್ಲರೂ ಹೇಳಿದರು. ಆದರೆ ಆ ಪೀಠದ ಮೇಲೆ ಕೂತವರು ಸಾಯುವ ತನಕ ಏಳುವುದಿಲ್ಲವಂತೆ, ಅವರಿಗೋ ಒಳ್ಳೆಯ ಆಯುಸ್ಸು. ಕಾದು ಸಾಕಾಗಿ ಪಪಾ ಒಂದು ವರ್ಷದ ಮಟ್ಟಿಗೆಂದು ಸಿಡ್ನಿಯ ಒಂದು ಚರ್ಚಿಗೆ ಬಂದರು. ಆ ಚರ್ಚಿನ ಹಿಂದೆಯೇ ಒಂದು ರೂಮಿನಲ್ಲಿ ರೆಂಟಿಗಿದ್ದವಳು ನನ್ನ ಅಮ್ಮ, ಧಾರವಾಡದ ಸುಮಿತ್ರಾ, ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವಳು. ನಿದ್ದೆಗೆಟ್ಟು ಸಿಟ್ಟಿನಿಂದ ಚರ್ಚಿಗೆ ಹೋಗಿ ನಿಲ್ಲಿಸಿ ಎಂದು ಹೇಳಿದಳು. ಆ ಕಥೆಯನ್ನು ಅವಳು ಮುಗಿಸುತ್ತಿದ್ದದ್ದು ಯಾವಾಗಲೂ ಹೀಗೆ.

"ಗದ್ದಲ ಮಾಡಬ್ಯಾಡ್ರಿ ಅಂತ ಹೇಳ್ಲಿಕ್ಕೆ ಹೋದಾಕಿ ನಾನು. ಗದ್ದಲಾನ್ನೇ ಕಟ್ಟಿಗೊಂಡು ಬಂದೆ."

ಅಜ್ಜಿ, ಅಂದರೆ ಅಮ್ಮನ ತಾಯಿ, ಧಾರವಾಡದಿಂದ ಬಂದು ನಮ್ಮ ಜೊತೆ ಇರತೊಡಗಿದಾಗ ನಾನಿನ್ನೂ ಶಾಲೆಗೆ ಹೊಸಬಳು. ಅಳಿಯ ಬಿಳಿಯನೆಂಬುದರ ಬಗ್ಗೆ ಅವಳಿಗೆ ತಕರಾರೇನೂ ಇರಲಿಲ್ಲ. ಚರ್ಚಿನ ಬಗ್ಗೆಯೂ ಇರಲಿಲ್ಲ. ದೇವರು ಎಲ್ಲಿದ್ದರೇನು ಎನ್ನುವವಳು. ಆದರೆ ಅವಳ ಮನೆತನದಲ್ಲಿ ಅತ್ತೆಯಾದವಳು ಅಳಿಯನೊಡನೆ ಎದುರುಬದುರು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮತ್ತೊಬ್ಬರ ಕೈಲಿ ಹೇಳಿಸುತ್ತಾಳೆ. ಟೂಂಗಾಬಿಯಲ್ಲಿ ಆ ಮತ್ತೊಬ್ಬರು ಎಂದರೆ ನಾನೇ. ಅಮ್ಮ ಹಗಲು ಮಲಗಿರುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಪಪಾನಿಗೆ ಬರುತ್ತಿದ್ದ ಕನ್ನಡ ಬೇಕು, ಬೇಡ, ಸಾಕು, ಅತ್ತೆಯವರೇ ಎಂಬಲ್ಲಿಗೆ ಮುಗಿಯುತ್ತಿತ್ತು. ಹೀಗಾಗಿ ಅಜ್ಜಿ ನನ್ನ ಮುಖ ನೋಡಿ, 'ಅವರಿಗೆ ಹೇಳು, ಸಾರು ಆರತದ' ಎನ್ನುತ್ತಿದ್ದಳು. ಪಪಾ ಎದುರಿಗೇ ಕೂತಿರುತ್ತಿದ್ದರು. ನಾನು ಹೇಳುತ್ತಿದ್ದೆ. ಪಪಾ ನನ್ನ ಮುಖ ನೋಡಿ, 'ಸಾರು ಬಹಳ ಚೆನ್ನಾಗಿದೆ ಎಂದು ಹೇಳು' ಎನ್ನುತ್ತಿದ್ದರು. ನಾನು ಅದನ್ನೂ ಹೇಳುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಇಬ್ಬರ ನಡುವೆ ಮಾತನ್ನು ಹೊತ್ತು ತಿರುಗುವುದು ನನಗೆ ಹಾಲು ಕುಡಿದಷ್ಟು ಸಲೀಸಾಯಿತು. ಈಗ ಆಸ್ಪತ್ರೆಗಳಲ್ಲಿ, ಕೋರ್ಟುಗಳಲ್ಲಿ ಕನ್ನಡದವರಿಗೆ ದುಭಾಷಿಯಾಗಿ ನಿಂತು ನಾನು ಹೊಟ್ಟೆ ಹೊರೆಯುತ್ತಿದ್ದರೆ, ಆ ಕೆಲಸಕ್ಕೆ ಸೇರಿದ್ದು ಆ ಊಟದ ಮೇಜಿನಲ್ಲಿ.

ಮೊದಲ ಜಗಳ ಬೂಟಿನದು. ಆರ್ಗನ್ ನುಡಿಸುವವರಿಗೆ ಬೇರೆಯೇ ಬೂಟುಗಳಿರುತ್ತವೆ, ತೆಳು ಚರ್ಮದ ಅಡಿ, ಸಣ್ಣ ಹಿಮ್ಮಡಿ, ಕೆಳಗಿನ ಪಟ್ಟಿ ಕಾಲಿಗೆ ತಿಳಿಯಬೇಕು. ಪಪಾನವು ಕಪ್ಪು, ಪ್ಯಾರಿಸ್ಸಿನ ಕಾಲದವು, ಹಲವು ಸಲ ಅಡಿ ಬದಲಿಸಿಕೊಂಡವು. ಬಂದ ವಾರದಲ್ಲೇ ಅಜ್ಜಿ ಗ್ಯಾರೇಜಿನ ಬಾಗಿಲಲ್ಲಿ ಇಣುಕಿ ನೋಡಿದಳು. ನೋಡಿದ್ದೇ ತಡ, ನನ್ನನ್ನು ಕೈಹಿಡಿದು ಎಳೆದುಕೊಂಡು ಅಡುಗೆಮನೆಗೆ ಬಂದಳು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಅವಳೇ ನನಗೆ ಕಲಿಸಿದ್ದಳು. ಇಲ್ಲಿ ನೋಡಿದರೆ ಅಳಿಯ ವಾದ್ಯದ ಮೇಲೆ ಬೂಟುಗಾಲಿನಲ್ಲಿ ಓಡಾಡುತ್ತಿದ್ದಾನೆ.

"ಅವರಿಗೆ ಹೇಳು, ಸರಸ್ವತಿನ್ನ ತುಳೀಬಾರದು ಅಂತ. ಅದೂ ಕಾಲಾಗ ಬೂಟು ಹಾಕ್ಕೊಂಡು."

ನಾನು ಹೇಳಿದೆ. ಪಪಾ ಬಹಳ ಗಂಭೀರವಾಗಿ ಕೇಳಿಸಿಕೊಂಡು, ಈ ಬೂಟು ಬೀದಿಯನ್ನು ಕಂಡೇ ಇಲ್ಲ, ಬಟ್ಟೆಯ ಚೀಲದಲ್ಲಿರುತ್ತದೆ, ಆರ್ಗನ್ನಿನ ಮುಂದೆ ಕೂತ ಮೇಲೆಯೇ ಹಾಕುವುದು, ಎಂದು ಹೇಳಿಸಿದರು. ಅಜ್ಜಿ ಒಪ್ಪಲಿಲ್ಲ. ಬೂಟು ಬೂಟೇ. ಮರುದಿನ ಬೆಳಿಗ್ಗೆ ಆ ಬೂಟುಗಳು ಹೊರಗಿನ ಮೆಟ್ಟಿಲ ಮೇಲೆ, ನಮ್ಮೆಲ್ಲರ ಚಪ್ಪಲಿಗಳ ಜೊತೆ ಕೂತಿದ್ದವು. ಪಪಾ ಒಳಗೆ ತಂದು ಒರೆಸಿ, ಗ್ಯಾರೇಜಿನ ಹೊಸ್ತಿಲ ಬಳಿ ಚೀಲದಲ್ಲಿಟ್ಟುಕೊಂಡರು. ಅದರ ಮರುದಿನ ಮತ್ತೆ ಹೊರಗೆ. ಇದು ನಮ್ಮ ಮನೆಯ ದಿನಚರಿಯೇ ಆಯಿತು. ಹಾಲಿನ ಡಬ್ಬಿ ಒಳಗೆ ಬರುವಂತೆ ಬೂಟು ಒಳಗೆ ಬರುತ್ತಿತ್ತು, ಕಸ ಹೊರಗೆ ಹೋಗುವಂತೆ ಹೊರಗೆ ಹೋಗುತ್ತಿತ್ತು. ಇಬ್ಬರೂ ಅದರ ಬಗ್ಗೆ ನನ್ನ ಕೈಲಿ ಏನನ್ನೂ ಹೇಳಿಸಲಿಲ್ಲ.

ಈ ಜಗಳದ ಹಿಂದೆ ಅಜ್ಜ ಇದ್ದ. ಅಜ್ಜಿಯ ಗಂಡ, ನಾನು ನೋಡದವನು. ಅವನು ನಾಟಕ ಕಂಪನಿಯಲ್ಲಿ ಕಾಲುಪೆಟ್ಟಿಗೆ ನುಡಿಸುತ್ತಿದ್ದ, ಅಂದರೆ ಕಾಲಿನಿಂದ ಗಾಳಿ ಹಾಕುವ ದೊಡ್ಡ ಹಾರ್ಮೋನಿಯಂ. ರಂಗದ ಮುಂದಿನ ತಗ್ಗಿನಲ್ಲಿ ಕೂತು ಕೈಯಲ್ಲಿ ಸ್ವರ, ಕಾಲಲ್ಲಿ ಗಾಳಿ. ಕೂರುವ ಮುಂಚೆ ಬಗ್ಗಿ ಪೆಟ್ಟಿಗೆಯ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದನಂತೆ. ಹಾಗಾದರೆ ಅಜ್ಜನೂ ಕಾಲಲ್ಲೇ ನುಡಿಸುತ್ತಿದ್ದನಲ್ಲ ಎಂದು ನಾನು ಒಮ್ಮೆ ವಾದ ಹೂಡಿದೆ. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವರು ಗಾಳಿ ಹಾಕತಿದ್ರು. ಸ್ವರಾ ತುಳೀತಿರಲಿಲ್ಲ."

ಪಪಾ ಆಗ ನುಡಿಸುತ್ತಿದ್ದದ್ದು ಪಶ್ಚಿಮ ಸಿಡ್ನಿಯ ಒಂದು ಚಿಕ್ಕ ಚರ್ಚಿನಲ್ಲಿ. ಅಲ್ಲಿನ ಆರ್ಗನ್ನಿನ ಪೆಡಲ್‌ಗಳಲ್ಲಿ ಅರ್ಧ ಮೂಕವಾಗಿದ್ದವು, ರಿಪೇರಿಗೆಂದು ಬಿಚ್ಚಿಟ್ಟವರು ಮತ್ತೆ ಜೋಡಿಸಲೇ ಇಲ್ಲ. ವಾರದ ದಿನಗಳಲ್ಲಿ ಮಕ್ಕಳಿಗೆ ಪಿಯಾನೊ ಪಾಠ. ಮಾರ್ಟ್‌ಗೇಜ್ ಕಟ್ಟುತ್ತಿದ್ದವಳು ಅಮ್ಮ. ಪಪಾ ದೂರಿದ್ದನ್ನು ನಾನು ಕೇಳಿಲ್ಲ. ಆದರೆ ಕೆಲವು ಸಂಜೆ ನುಡಿಸುವುದು ಮುಗಿದ ಮೇಲೂ ಅವರು ಗ್ಯಾರೇಜಿನಿಂದ ಬರುತ್ತಿರಲಿಲ್ಲ. ನಾನು ಕರೆಯಲು ಹೋದರೆ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿರುತ್ತಿದ್ದರು. ನಾನು ಶಾಲೆಯ ಮೇಲಿನ ತರಗತಿಗೆ ಬರುವ ಹೊತ್ತಿಗೆ ಅವರ ತಲೆ ಬೆಳ್ಳಗಾಗತೊಡಗಿತ್ತು. ಆಗಲೇ ಮೆಲ್ಬರ್ನಿನ ಸುದ್ದಿ ಬಂದದ್ದು. ಅಲ್ಲೊಂದು ಹಳೆಯ ಕಲ್ಲಿನ ಚರ್ಚು, ಗೋಡೆಯೆತ್ತರದ ಆರ್ಗನ್, ಸಾವಿರಾರು ಕೊಳವೆಗಳು. ಮುಖ್ಯ ವಾದಕರ ಜಾಗ ಖಾಲಿಯಾಗಿತ್ತು. ಪಪಾನನ್ನು ಆಡಿಷನ್‌ಗೆ ಕರೆದಿದ್ದರು. ಅವರು ಹೊಸದೊಂದು ರಚನೆಯನ್ನೇ ಅದಕ್ಕಾಗಿ ಬರೆದರು. ಇದು ಸಿಗದಿದ್ದರೆ ಇನ್ನೊಂದು ಸಿಗುವುದಿಲ್ಲ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅದೇ ಸಮಯಕ್ಕೆ ನವರಾತ್ರಿ. ದಸರೆಯ ಹೊತ್ತಿಗೆ ಇಲ್ಲಿ ಬೇಸಿಗೆ ಕಾಲಿಡುತ್ತದೆ. ಅಜ್ಜಿ ಅದನ್ನು ಪ್ರತಿ ವರ್ಷ ಹೊಸದಾಗಿ ಆಕ್ಷೇಪಿಸುತ್ತಿದ್ದಳು. ಸರಸ್ವತಿಯನ್ನು ಕೂರಿಸುವ ದಿನ ನನ್ನ ಶಾಲೆಯ ಪುಸ್ತಕಗಳನ್ನೂ ಅಜ್ಜನ ತಾಳಗಳನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದಳು. ಕೂರಿಸಿದ ಮೇಲೆ ದಶಮಿಯ ದಿನ ಏಳಿಸುವ ತನಕ ಪುಸ್ತಕ ತೆರೆಯುವಂತಿಲ್ಲ, ವಾದ್ಯ ಮುಟ್ಟುವಂತಿಲ್ಲ. ಆ ವರ್ಷ ನಾನು ಸುಮ್ಮನಿರಲಾರದೆ, ಪಪಾನ ಆರ್ಗನ್ ಕೂಡ ವಾದ್ಯವೇ ಅಲ್ಲವೇ ಎಂದು ಕೇಳಿಬಿಟ್ಟೆ. ಅಜ್ಜಿ ಮಣೆಯ ಮೇಲಿನ ತಾಳಗಳನ್ನು ಸರಿಮಾಡಿ ಇಟ್ಟಳು. ಆಮೇಲೆ ಅರಿಸಿನ ಕುಂಕುಮದ ಬಟ್ಟಲು ಹಿಡಿದು, ಆ ಜಗಳದ ನಂತರ ಮೊದಲ ಸಲ ಗ್ಯಾರೇಜಿನೊಳಗೆ ಕಾಲಿಟ್ಟಳು. ಕೈಯ ಕೀಗಳ ಮೇಲೆ ಹೂವಿಟ್ಟಳು, ಕುಂಕುಮ ಹಚ್ಚಿದಳು. ಪೆಡಲ್‌ಗಳ ಮೇಲೆ ಬಿಳಿಯ ಪಂಚೆಯೊಂದನ್ನು ಹೊದಿಸಿ, ಅವನ್ನು ನೋಡದವಳಂತೆ ನಡೆದಳು. ಪಪಾ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಏಳಿಸುವ ತನಕ ಮುಟ್ಟುವುದಿಲ್ಲ ಎಂದು ಅತ್ತೆಯವರಿಗೆ ಹೇಳು, ಇದು ನನ್ನ ಮಾತು, ಎಂದರು. ಆಡಿಷನ್‌ಗೆ ಇನ್ನೂ ಎಷ್ಟೋ ವಾರಗಳಿದ್ದವು.

ಅಂದೇ ಮಧ್ಯಾಹ್ನ ಮೆಲ್ಬರ್ನಿನಿಂದ ಫೋನ್ ಬಂತು. ಆಡಿಷನ್ ಕೇಳಿ ಆರಿಸುವವರಲ್ಲಿ ಒಬ್ಬರು ಬೇರೆ ದೇಶಕ್ಕೆ ಹೊರಟಿದ್ದಾರೆ, ಇದೇ ಶನಿವಾರ ಬರಬಹುದೇ ಎಂದರು. ಆ ಶನಿವಾರವೇ ದಶಮಿ. ಪಪಾ ಬರುತ್ತೇನೆ ಎಂದು ಫೋನ್ ಇಟ್ಟರು. ಹೊಸ ರಚನೆ ಇನ್ನೂ ಕಾಲಿಗೆ ಪೂರ್ತಿ ಹತ್ತಿರಲಿಲ್ಲ. ಪಾಳಿ ಮುಗಿಸಿ ಮಲಗಿದ್ದ ಅಮ್ಮ ಎದ್ದು ಬಂದಳು, ವಿಷಯ ತಿಳಿದವಳೇ ಒದ್ದೆ ಬಟ್ಟೆ ಹಿಡಿದು ನೇರ ಗ್ಯಾರೇಜಿಗೆ ನಡೆದಳು.

"ನಾ ಕುಂಕುಮಾ ಒರಸ್ತೀನಿ. ಪಾಪ ಬಂದ್ರ ನನಗ ಬರ್ಲಿ."

ಪಪಾ ಅವಳ ಕೈ ಹಿಡಿದರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ನನಗೆ ಇವತ್ತಿಗೂ ಕನ್ನಡದಲ್ಲೇ ನೆನಪಿದೆ.

"ಬೇಡ, ಸುಮಿ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಈ ಕೋಣೆಗೆ ಬಂದಿದ್ದಾರೆ. ನಾನು ಮಾತು ಕೊಟ್ಟಿದ್ದೇನೆ."

"ಮಾತು ಕೊಟ್ಟೀರಿ ಅಂತ ಜೀವನಾನೂ ಕೊಡ್ತೀರೇನು?" ಎಂದಳು ಅಮ್ಮ, ಕನ್ನಡದಲ್ಲಿ. ಅದನ್ನು ನಾನು ಪಪಾನಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಅಡುಗೆಮನೆಯಲ್ಲಿದ್ದ ಅಜ್ಜಿಗೆ ನಡೆದದ್ದನ್ನೆಲ್ಲ ಹೇಳಬೇಕಾದವಳು ನಾನು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಕೂರಿಸಿದ ದೇವಿಯನ್ನು ನಡುವೆ ಎಬ್ಬಿಸುವುದು ಹೇಗೆ, ಇದು ನಾನು ಮಾಡಿದ ಪದ್ಧತಿ ಅಲ್ಲವಲ್ಲ, ಎಂದು ತನಗೆ ತಾನೇ ಹೇಳಿಕೊಂಡು ಗೋಡೆಗೆ ಒರಗಿ ಕೂತಳು. ಅಂದು ಸಂಜೆ ಗೋಡೆಯಾಚೆ ಸದ್ದಿರಲಿಲ್ಲ. ಊಟಕ್ಕೆ ಕೂತಾಗ ಸೌಟಿನ ಸದ್ದು ಕೂಡ ಜೋರಾಗಿ ಕೇಳಿಸಿತು. ಅಮ್ಮ ಯಾರ ಮುಖವನ್ನೂ ನೋಡದೆ ಉಂಡು ಪಾಳಿಗೆ ಹೋದಳು.

ಮಾರನೆಯ ದಿನ ಅಜ್ಜಿ ಹೋಳಿಗೆ ಲಟ್ಟಿಸುತ್ತಿದ್ದಳು. ಪುಸ್ತಕಗಳೆಲ್ಲ ಪೂಜೆಗೆ ಕೂತಿದ್ದರಿಂದ ನನಗೆ ಕೆಲಸವಿರಲಿಲ್ಲ, ಅಡುಗೆಮನೆಯಲ್ಲೇ ಅಡ್ಡಾಡುತ್ತಿದ್ದೆ. ಪಪಾ ಒಂದು ಕುರ್ಚಿ ಎತ್ತಿಕೊಂಡು ಬಂದರು. ಇಲ್ಲಿ ಕೂರಬಹುದೇ ಎಂದು ಕೇಳು, ನಡುಮನೆಯಲ್ಲಿ ಕಾರ್ಪೆಟ್ ಇದೆ, ಕಾಲು ಜಾರುವುದಿಲ್ಲ, ಎಂದರು. ನಾನು ಕೇಳಿದೆ. ಅಜ್ಜಿ ತಲೆಯಾಡಿಸಿದಳು. ಪಪಾ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಬರಿಗಾಲಿನಲ್ಲಿ ನೆಲದ ಮೇಲೆ ನುಡಿಸತೊಡಗಿದರು. ಹಿಮ್ಮಡಿ, ಬೆರಳು, ಹಿಮ್ಮಡಿ. ಒಂದು ಕಾಲು ಇನ್ನೊಂದರ ಹಿಂದಿನಿಂದ ದಾಟಿ ಹೋಗುತ್ತಿತ್ತು. ನೆಲದಲ್ಲಿ ಪಟ್ಟಿಯಿಲ್ಲ, ಸ್ವರವಿಲ್ಲ, ಆದರೂ ಕಾಲಿಗೆ ತಾನು ಎಲ್ಲಿರಬೇಕೆಂದು ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಲಟ್ಟಣಿಗೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಅಜ್ಜಿ ಹಿಟ್ಟಿನ ಕೈಯಲ್ಲೇ ನಿಂತು ಆ ಪಾದಗಳನ್ನು ನೋಡುತ್ತಿದ್ದಳು. ಆಮೇಲೆ ಅವಳು ನನ್ನ ಮುಖ ನೋಡದೆ, ಅವರಿಗೆ ಹೇಳು ಎನ್ನದೆ, ನೇರವಾಗಿ ಮಾತಾಡಿದಳು.

"ಅಳಿಯಂದ್ರ, ಅಲ್ಲಿ ದಿನಾ ಮೂರು ಸಲಾ ಬಡೀತೀರಿ. ಈಗ ಎರಡ ಸಲಾ ಬಡದ್ರಿ."

ಪಪಾ ಕಣ್ಣು ತೆರೆದರು. ನಾನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಶುರುಮಾಡಿದೆ. ಅವರು ಕೈ ಎತ್ತಿ ನನ್ನನ್ನು ತಡೆದರು, ಅರ್ಥವಾಗಿತ್ತು. ಆ ಹೊಸ ರಚನೆಯ ನಡುವೆ ಎಲ್ಲವೂ ಸುಮ್ಮನಾಗಿ ಎಡಗಾಲು ಒಂದೇ ಪಟ್ಟಿಯನ್ನು ಮೂರು ಸಲ ಬಡಿಯುವ ಜಾಗವೊಂದಿದೆ. ಅವರ ಊರಿನ ಕಡೆ ನಾಟಕ ಶುರುವಾಗುವ ಮುಂಚೆ ರಂಗದ ಹಲಗೆಯ ಮೇಲೆ ಕೋಲಿನಿಂದ ಮೂರು ಸಲ ಬಡಿಯುತ್ತಾರಂತೆ. ಅದನ್ನು ನನ್ನ ಕೈಲಿ ಅಜ್ಜಿಗೆ ಹೇಳಿಸಿದರು. ಅಜ್ಜಿ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ಗೊತ್ತದ ಬಿಡ್ರಿ. ನಮ್ಮ ಕಂಪನ್ಯಾಗೂ ಮೂರನೇ ಬೆಲ್ಲಿಗೇನ ಪರದೆ ಏಳೂದು. ಎರಡಕ್ಕ ನಿಲ್ಲಿಸಿದ್ರ ಪರದೆ ಏಳಂಗಿಲ್ಲ."

ಪಪಾ ಮತ್ತೆ ನುಡಿಸಿದರು. ಮೂರು ಸಲ ಬಡಿದರು. ಅಜ್ಜಿ ಹೂಂ ಎಂದಳು. ಕೇಳುವುದೇ ಇಲ್ಲ ಎಂದು ಹೇಳುತ್ತಿದ್ದವಳು ಇಷ್ಟು ವರ್ಷ ರೊಟ್ಟಿ ಬಡಿಯುತ್ತ ಗೋಡೆಯಾಚೆಯ ಒಂದೊಂದು ಸದ್ದನ್ನೂ ಕೇಳಿಸಿಕೊಂಡಿದ್ದಳು. ಆ ದಿನ ಅವಳು ನನಗೆ ಅಜ್ಜನ ಕೊನೆಯ ದಿನಗಳನ್ನು ಹೇಳಿದಳು. ಮಾತು ನಿಂತು, ಕೈ ಬಿದ್ದು ಮಲಗಿದ್ದ ಅಜ್ಜನ ಕಾಲುಗಳು ಮಾತ್ರ ಹೊದಿಕೆಯಡಿಯಲ್ಲಿ ಹಗಲೂ ಇರುಳೂ ಮೇಲೆ ಕೆಳಗೆ ಆಡುತ್ತಿದ್ದವಂತೆ. ನೋಡಲು ಬಂದವರು ಸಂಕಟ ಎಂದುಕೊಂಡು ಅಮುಕಿ ಹಿಡಿಯುತ್ತಿದ್ದರಂತೆ.

"ನನಗೊಬ್ಬಾಕಿಗೇ ಗೊತ್ತಿತ್ತು, ನಂದಾ. ಅವರು ಪೆಟಿಗಿಗೆ ಗಾಳಿ ಹಾಕ್ಲಿಕತ್ತಿದ್ರು. ಬಿಡ್ರಿ ಅಂತ ಹೇಳ್ಲಿಕ್ಕೆ ನನಗ ಬಾಯಿ ಬರಲಿಲ್ಲ. ಮಂದಿ ಇದ್ರು."

ಹೇಳಿ ಮುಗಿಸಿ ಅವಳು ಕೈ ತೊಳೆದುಕೊಂಡು ಹೊರಗೆ ಹೋದಳು. ಮೆಟ್ಟಿಲ ಮೇಲೆ ತಾನೇ ಬೆಳಿಗ್ಗೆ ಇಟ್ಟಿದ್ದ ಬೂಟುಗಳನ್ನು ಎತ್ತಿಕೊಂಡು ಬಂದಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ತನ್ನ ಸೆರಗಿನಿಂದ ಮತ್ತೊಮ್ಮೆ ಒರೆಸಿ, ಸರಸ್ವತಿಯ ಮುಂದೆ ನನ್ನ ಪುಸ್ತಕಗಳ ಪಕ್ಕದಲ್ಲಿ ಒಂದು ಮಣೆ ಹಾಕಿ ಅದರ ಮೇಲಿಟ್ಟಳು. ಎರಡೂ ಬೂಟುಗಳ ತುದಿಗೆ ಕುಂಕುಮ ಹಚ್ಚಿ ಹೂವಿಟ್ಟಳು. ಹಗಲು ನಿದ್ದೆಯಿಂದ ಎದ್ದು ಬಂದ ಅಮ್ಮ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಮುಟ್ಟಬ್ಯಾಡ. ಮಡಿ ಬೂಟು ಅವು," ಎಂದಳು ಅಜ್ಜಿ.

ಅಮ್ಮ ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಶುಕ್ರವಾರ ಸಂಜೆ ಪಪಾ ವಿಮಾನ ಹತ್ತಬೇಕಿತ್ತು, ದೇವಿ ಏಳುವುದೋ ಮರುದಿನ. ಅಜ್ಜಿ ಬೂಟಿಗೆ ಮಾತ್ರ ಮುಂಚಿತವಾಗಿ ಆರತಿ ಎತ್ತಿ, ಕಲಶವನ್ನು ಕದಲಿಸುವಂತೆ ಅವನ್ನು ಮೆಲ್ಲಗೆ ಕದಲಿಸಿ, ಪುನರಾಗಮನಾಯ ಚ ಎಂದು ಹೇಳಿ ಬಟ್ಟೆಯ ಚೀಲಕ್ಕೆ ಹಾಕಿಕೊಟ್ಟಳು. ಬೂಟು ಎದ್ದಿತು, ಆರ್ಗನ್ ಏಳಲಿಲ್ಲ. ಪಪಾ ಹೊರಡುವ ಗಳಿಗೆಯವರೆಗೂ ಅಡುಗೆಮನೆಯ ನೆಲದ ಮೇಲೆಯೇ ಅಭ್ಯಾಸ ಮಾಡಿದರು.

ಮುಖ್ಯ ವಾದಕರ ಜಾಗ ಅವರಿಗೆ ಸಿಗಲಿಲ್ಲ. ಅವರಿಗಿಂತ ಚಿಕ್ಕವನೊಬ್ಬನಿಗೆ ಹೋಯಿತು. ಪಪಾ ಬಹಳ ಚೆನ್ನಾಗಿ ನುಡಿಸಿದರೆಂದೂ, ಕೈ ಮಾತ್ರ ಎರಡು ಕಡೆ ಬಿಗಿಯಿತೆಂದೂ ಹೇಳಿ ಅವರನ್ನು ಎರಡನೆಯ ವಾದಕರಾಗಿ ಕರೆದರು. ಅಮ್ಮ ಆ ಎರಡು ಕಡೆಗಳನ್ನು ಇವತ್ತಿಗೂ ಕ್ಷಮಿಸಿಲ್ಲ. ಕುಂಕುಮ ಒರೆಸಿದ್ದರೆ ಕೈ ಬಿಗಿಯುತ್ತಿರಲಿಲ್ಲ ಎಂದು ಅವಳ ಲೆಕ್ಕ, ಅದು ಸುಳ್ಳೆಂದು ಹೇಳಲು ನನಗೂ ಧೈರ್ಯವಿಲ್ಲ. ಸುದ್ದಿ ಬಂದ ದಿನ ಅಜ್ಜಿ ಊಟ ಮಾಡಲಿಲ್ಲ. ನನ್ನಿಂದನ ಹೋತೇನು, ಎಂದು ಪಪಾನನ್ನೇ ಕೇಳಿದಳು. ಪಪಾ ಉತ್ತರಕ್ಕೆ ಕನ್ನಡ ಹುಡುಕಿ, ಸಿಗದೆ, ನನ್ನ ಕಡೆ ತಿರುಗಿದರು.

"ಎರಡನೆಯವನಿಗೂ ಆರ್ಗನ್ ಅದೇ ಎಂದು ಹೇಳು."

ಹಾಗೆ ನಾವು ಮೆಲ್ಬರ್ನಿಗೆ ಬಂದೆವು. ಅಲ್ಲಿ ಒಂದು ಬುಧವಾರ, ಯಾರೂ ಇಲ್ಲದ ಹೊತ್ತಿನಲ್ಲಿ, ಪಪಾ ನಮ್ಮನ್ನು ಚರ್ಚಿಗೆ ಕರೆದೊಯ್ದರು. ಅಜ್ಜಿ ಕೆಳಗೆ ಕೂರಲು ಒಪ್ಪಲಿಲ್ಲ. ಮೊಣಕಾಲು ಹಿಡಿದುಕೊಂಡು ಕಲ್ಲಿನ ಮೆಟ್ಟಿಲು ಹತ್ತಿ, ಕಾಲು ಕಾಣುವ ಹಾಗೆ ಪಕ್ಕದಲ್ಲೇ ಸ್ಟೂಲ್ ಹಾಕಿಸಿಕೊಂಡು ಕೂತಳು. ಪಪಾ ಬೂಟು ಹಾಕಿಕೊಂಡರು, ಬಗ್ಗಿ ಪೆಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಪದ್ಧತಿಯನ್ನು ಅವರು ಯಾವಾಗ ಎತ್ತಿಕೊಂಡಿದ್ದರೋ ನನಗೆ ಗೊತ್ತಿಲ್ಲ. ಆಮೇಲೆ ಗೋಡೆಯಾಚೆಯ ಆ ಧಡ್ ಧಡ್ ಎಲ್ಲ ಒಮ್ಮೆಗೇ ಬಾಯಿ ಬಂದಂತೆ ಮೊಳಗಿತು. ಕೂತ ಹಲಗೆ ನಡುಗಿತು. ಎದೆಯೊಳಗೆ ಹೊಕ್ಕು ನಡುಗಿತು. ಅಜ್ಜಿ ನನ್ನ ಕೈಯನ್ನು ನೋಯುವಷ್ಟು ಹಿಡಿದುಕೊಂಡಿದ್ದಳು. ಮುಗಿದ ಮೇಲೆ ಕೈ ಬಿಟ್ಟು ಕೇಳಿದಳು.

"ಇಷ್ಟೆಲ್ಲಾ ಇತ್ತೇನು ಅದರಾಗ?"

ಪಪಾನ ಮುಂದಿನ ಬದುಕನ್ನು ಹೇಳುವುದು ಸುಲಭ. ಕೆಲಸದಿಂದ ಬಿಡುವ ತನಕ ಅವರು ಎರಡನೆಯವರಾಗಿಯೇ ಇದ್ದರು. ವಾರದ ದಿನಗಳ ಪ್ರಾರ್ಥನೆ, ಮದುವೆ, ಹೆಚ್ಚಾಗಿ ಸಾವಿನ ಮನೆಯವರ ಸೇವೆ. ನಡುನಡುವೆ ರಚನೆಗಳನ್ನು ಬರೆದರು, ಕೆಲವು ಅಚ್ಚಾದವು, ಫ್ರಾನ್ಸಿನಲ್ಲೂ ಯಾರೋ ನುಡಿಸಿದರೆಂದು ಕೇಳಿ ಒಂದು ಇಡೀ ದಿನ ಸುಮ್ಮನೆ ನಗುತ್ತ ಓಡಾಡಿದರು. ಅಜ್ಜಿ ತೀರಿಕೊಂಡ ವರ್ಷ ಬರೆದದ್ದರಲ್ಲಿ ಕೈಗೆ ಕೆಲಸವೇ ಇಲ್ಲ. ಬರೀ ಕಾಲುಗಳಿಗೆ ಬರೆದದ್ದು. ಅದರ ಲಯ ರೊಟ್ಟಿ ಬಡಿಯುವ ಲಯ ಎಂದು ತಿಳಿದವರು ಲೋಕದಲ್ಲಿ ಮೂವರೇ ಇದ್ದೆವು.

ನಾನು ಮದುವೆಯಾಗಿ ಸಿಡ್ನಿಗೆ ಮರಳಿದೆ, ಈಗ ಕೆಲ್ಲಿವಿಲ್‌ನಲ್ಲಿದ್ದೇನೆ. ನನ್ನ ಮಗಳಿಗೆ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಹೋದ ಚಳಿಗಾಲದಲ್ಲಿ ಅಮ್ಮ ಫೋನ್ ಮಾಡಿ, ಪಪಾ ಬಿದ್ದರು, ಮಾತು ನಿಂತಿದೆ, ಬಾ ಎಂದಳು. ನಾನು ಮೆಲ್ಬರ್ನಿನ ಆಸ್ಪತ್ರೆಗೆ ಹೋದಾಗ ಅಮ್ಮ ಹಾಸಿಗೆಯ ಪಕ್ಕ ಕಿತ್ತಳೆ ಸುಲಿಯುತ್ತ ಕೂತಿದ್ದಳು, ತಿನ್ನುವವರು ಯಾರೂ ಇರಲಿಲ್ಲ. ಪಪಾನನ್ನು ಮೂರು ಭಾಷೆಗಳಲ್ಲಿ ಮಾತಾಡಿಸಿ ನೋಡಿದೆ. ಫ್ರೆಂಚ್ ನನಗೆ ಅಷ್ಟಕ್ಕಷ್ಟೆ, ಆದರೂ ಅವರ ಅಮ್ಮ ಕರೆಯುತ್ತಿದ್ದ ಹೆಸರಿನಿಂದ ಕರೆದೆ. ಕಣ್ಣು ತೆರೆಯಲಿಲ್ಲ. ಆಸ್ಪತ್ರೆಗಳಲ್ಲಿ ಬೇರೆಯವರ ತಂದೆತಾಯಿಯರ ಮಾತನ್ನು ಹೊತ್ತು ತಂದುಕೊಡುವುದೇ ನನ್ನ ಕಸುಬು. ನನ್ನ ತಂದೆಯ ಹತ್ತಿರ ಹೊರಲು ಒಂದು ಮಾತೂ ಇರಲಿಲ್ಲ. ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಕಾಲುಗಳು ಬೆಳಿಗ್ಗೆಯಿಂದ ಒದ್ದಾಡುತ್ತಿವೆ, ಸಂಕಟವಾಗುತ್ತಿರಬೇಕು, ಶಾಂತವಾಗಲು ಇಂಜೆಕ್ಷನ್ ಕೊಡಬಹುದೇ ಎಂದು ಕೇಳಿದಳು. ಒಳ್ಳೆಯ ಹುಡುಗಿ, ಮೆಲ್ಲಗೆ ಕೇಳಿದಳು. ನಾನು ಎದ್ದು ಹೊದಿಕೆಯ ತುದಿ ಸರಿಸಿದೆ. ಹಿಮ್ಮಡಿ, ಬೆರಳು, ಹಿಮ್ಮಡಿ. ಎಡಗಾಲು ಬಲಗಾಲಿನ ಹಿಂದಿನಿಂದ ದಾಟಿ ಹೋಯಿತು.

"ಬೇಡ," ಎಂದೆ ನರ್ಸಿಗೆ. "ಅವರು ನುಡಿಸುತ್ತಿದ್ದಾರೆ. ಮುಗಿಯಲಿ."

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದಳು. ನರ್ಸ್ ಬಾಗಿಲು ಮುಂದೆ ಮಾಡಿಕೊಂಡು ಹೋದಳು. ನಾನು ಹಾಸಿಗೆಯ ಕೊನೆಯಲ್ಲಿ ಕೂತು ಆ ಪಾದಗಳ ಕೆಳಗೆ ನನ್ನ ಅಂಗೈಗಳನ್ನಿಟ್ಟೆ. ಹುಟ್ಟುಹಬ್ಬದಂದು ಅಜ್ಜಿ ನನ್ನನ್ನು ನಮಸ್ಕಾರಕ್ಕೆ ಬಗ್ಗಿಸಿದರೆ ಪಪಾ ನಾಚಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು, ಈಗ ಎಳೆದುಕೊಳ್ಳಲಿಲ್ಲ. ಮೆಲ್ಬರ್ನಿಗೆಂದು ಬರೆದ ರಚನೆ ಅದು ಎಂದು ಅಂಗೈಗೆ ತಿಳಿಯಿತು. ಮುಂದೆ ಏನು ಬರುತ್ತದೆಂದೂ ತಿಳಿಯಿತು. ಎಲ್ಲ ಸುಮ್ಮನಾಯಿತು. ಎಡಗಾಲಿನ ಹಿಮ್ಮಡಿ ನನ್ನ ಅಂಗೈಯನ್ನು ಒಂದು ಸಲ ಬಡಿಯಿತು. ಇನ್ನೊಂದು ಸಲ ಬಡಿಯಿತು. ಅಲ್ಲಿಗೆ ನಿಂತುಹೋಯಿತು.

ನಾನು ಕಾದೆ. ಅಮ್ಮನ ಕೈಯಲ್ಲಿ ಕಿತ್ತಳೆಯ ತೊಳೆ ಹಾಗೇ ಇತ್ತು. ಅಲ್ಲಿಗೇ ನಿಂತರೆ ಸಾಕು, ಹೀಗೇ ಇದ್ದುಬಿಡಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು. ಆಮೇಲೆ ಅವರ ಕಡೆಗೆ ಬಗ್ಗಿ, ಅವರಿಗೆ ಯಾರೂ ಹೊತ್ತು ತಂದುಕೊಡಬೇಕಿಲ್ಲದ ಆ ಒಂದು ಮಾತನ್ನು ಅಜ್ಜಿಯ ಕನ್ನಡದಲ್ಲೇ ಹೇಳಿದೆ.

"ಪಪಾ, ಎರಡಕ್ಕ ನಿಲ್ಲಿಸಿದ್ರ ಪರದೆ ಏಳಂಗಿಲ್ಲ."

ಬಹಳ ಹೊತ್ತಿನ ಮೇಲೆ ಹಿಮ್ಮಡಿ ನನ್ನ ಅಂಗೈಯನ್ನು ಮೂರನೆಯ ಸಲ ಬಡಿಯಿತು.